ಬೆಳಿಗ್ಗೆ ಕೆಂಪಾಗುತ್ತೆ

ನನ್ನದು ಮಾತು ಕಡಿಮೆ. ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ಕೆಲಸದಲ್ಲಿದ್ದೆ, ಈಗ ಮನೆಯಲ್ಲಿದ್ದೇನೆ. ಸುಮ್ಮನೆ ಕೂತವನ ಎದುರಿಗೇ ಇಂಥವೆಲ್ಲ ಯಾಕೆ ನಡೆಯುತ್ತವೋ ಗೊತ್ತಿಲ್ಲ. ನಡೆಯುತ್ತವೆ. ಹೇಳುವುದಕ್ಕಿಂತ ಬರೆಯುವುದು ಸುಲಭ ಅಂತ ಬರೆಯುತ್ತಿದ್ದೇನೆ.

ಹೊರಗಿನವರು

ಪೇಟೆಯಲ್ಲಿ ಬಸ್ ನಿಲ್ಲುವ ಜಾಗದ ಎದುರು ಒಂದು ಚಾ ಅಂಗಡಿ ಉಂಟು. ಬೆಳಗಿನ ಹೊತ್ತು ಊರಿನ ಯೋಚನೆ ಇರುವವರೆಲ್ಲ ಅಲ್ಲಿ ಸೇರುತ್ತಾರೆ. ಒಂದು ದಿನ ಅಂಗಡಿಯ ಯಜಮಾನ ಗ್ಲಾಸು ತೊಳೆಯುತ್ತ, ಹೊರಗಿನವರು ಬಂದು ಬಂದು ಕೊಡಗು ಕೊಡಗಾಗಿ ಉಳಿದಿಲ್ಲ ಅಂದ. ಅವನ ಅಜ್ಜ ತಲಶ್ಶೇರಿಯಿಂದ ಬಂದವರು. ಪಕ್ಕದಲ್ಲಿದ್ದ ಟೈಲರ್, ಹೌದು, ಸಂತೆಯಲ್ಲಿ ಈಗ ಬರೀ ಹಿಂದಿ, ನಮ್ಮ ಭಾಷೆ ಕಿವಿಗೇ ಬೀಳುವುದಿಲ್ಲ ಅಂದ. ಅವನ ಭಾಷೆ ತಮಿಳು. ನಾನು ತಲೆ ಆಡಿಸಿದೆ. ನನ್ನ ಅಪ್ಪ ಅರಕಲಗೂಡಿನ ಕಡೆಯಿಂದ ಟ್ರಂಕು ಹೊತ್ತು ಬಂದವರು. ನಮ್ಮದಕ್ಕೆ ಈಗಲೂ ಹಾಸನದವರ ಮನೆ ಅಂತಲೇ ಹೆಸರು.

ಮೂಲೆಯ ಬೆಂಚಿನಲ್ಲಿ ದುಬಾರೆ ಕಡೆಯ ಅಜ್ಜ ಒಬ್ಬರು ಚಾ ಕುಡಿಯುತ್ತಿದ್ದರು. ಜೇನುಕುರುಬರು. ಆನೆ ನೋಡಿಕೊಂಡು ಆಯುಷ್ಯ ಕಳೆದವರು. ಅವರ ಹಿರಿಯರು ಈ ಕಾಡಿಗೆ ಯಾವಾಗ ಬಂದರು ಅನ್ನುವುದು ಕಾಡಿಗೂ ಗೊತ್ತಿರಲಾರದು. ಅಜ್ಜ ಚಾ ಮುಗಿಸಿದರು, ಗ್ಲಾಸು ಇಟ್ಟರು, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

“ಸರಿ ಹಾಗಾದ್ರೆ,” ಅಂದರು. “ನೀವು ಮೂರು ಜನ ಹೊರಡೋದು ಯಾವಾಗ?”

ರೈಟರ್

ನಮ್ಮ ಪಕ್ಕದ ಮನೆಯನ್ನು ತುಮಕೂರಿನ ಗಂಡ ಹೆಂಡತಿ ಕೊಂಡುಕೊಂಡರು. ಗಂಡ ಅಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದವರು. ಹೆಂಡತಿ ಪ್ರೈಮರಿ ಶಾಲೆಯ ಟೀಚರ್ ಆಗಿ ನಿವೃತ್ತರಾದವರು. ಮನೆಗೆ ಬಣ್ಣ ಹೊಡೆಸಿ ಹೋಂಸ್ಟೇ ಅಂತ ಬೋರ್ಡು ಹಾಕಿದರು.

ನನ್ನನ್ನು ಇಲ್ಲಿ ಎಲ್ಲರೂ ರೈಟರ್ ಅನ್ನುತ್ತಾರೆ. ತೋಟದಲ್ಲಿ ಆಳುಗಳ ಹಾಜರಿ ಬರೆಯುವವನಿಗೆ ಹಾಗೆ ಹೆಸರು. ತುಮಕೂರಿನಲ್ಲಿ ಆ ಅರ್ಥ ಇಲ್ಲ ಅಂತ ಕಾಣುತ್ತದೆ.

ಒಂದು ಭಾನುವಾರ ಅವರ ಮನೆಯ ಅತಿಥಿಗಳು ನಮ್ಮ ಗೇಟು ತೆಗೆದು ಒಳಗೆ ಬಂದರು. ದೊಡ್ಡ ಸಾಹಿತಿಗಳು ಪಕ್ಕದಲ್ಲೇ ಇದ್ದಾರಂತೆ, ಒಂದು ಹಸ್ತಾಕ್ಷರ ಬೇಕಿತ್ತು ಅಂದರು. ನಾನು ಬನಿಯನ್ನಿನಲ್ಲಿ ಕಣದ ಮೇಲೆ ಕಾಫಿ ಹರಡುತ್ತಿದ್ದೆ. ಏನೂ ಹೇಳದೆ ನಿಂತೆ. ಅದು ಅವರಿಗೆ ಇನ್ನೂ ಹಿಡಿಸಿತು. ನೋಡಿ, ಎಷ್ಟು ಸರಳ, ಎಷ್ಟು ಅಂತರ್ಮುಖಿ ಅಂತ ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿದಳು.

“ನಿಮ್ಮ ಮುಖ್ಯ ಕೃತಿ ಯಾವುದು ಸಾರ್?”

“ಚೆಕ್‌ರೋಲ್,” ಅಂದೆ. ಹಾಜರಿ ಪುಸ್ತಕಕ್ಕೆ ತೋಟದಲ್ಲಿ ಹಾಗನ್ನುತ್ತೇವೆ.

“ಕಾದಂಬರಿನಾ?”

ನಾನು ಯೋಚಿಸಿದೆ. ಬಾರದ ಆಳುಗಳನ್ನೂ ಬಂದಿದ್ದಾರೆ ಅಂತ ಬರೆಸುತ್ತಿದ್ದ ಮೇಸ್ತ್ರಿಗಳೆಲ್ಲ ನೆನಪಾದರು.

“ಹೆಚ್ಚುಕಡಿಮೆ,” ಅಂದೆ.

ಬೇಲಿ

ನಮ್ಮ ಮನೆಯಲ್ಲಿ ಮಾತಾಡುವವಳು ನನ್ನ ಹೆಂಡತಿ. ಮದುವೆಯಾದ ದಿನದಿಂದ ಅವಳದೊಂದು ಕೊರಗು, ಗೋಡೆಗೆ ಹೇಳಿದರೆ ಪ್ರತಿಧ್ವನಿಯಾದರೂ ಬರುತ್ತದೆ ಅಂತ. ಟೀಚರ್ ಬಂದ ಮೇಲೆ ಆ ಕೊರಗು ಹೋಯಿತು. ಬೇಲಿಯ ಆ ಕಡೆ ಅವರು, ಈ ಕಡೆ ಇವಳು. ಒಲೆಯ ಮೇಲೆ ಹಾಲು ಉಕ್ಕಿದರೂ ಮಾತು ನಿಲ್ಲುತ್ತಿರಲಿಲ್ಲ. ಉಕ್ಕಿದ ಹಾಲು ನಾನು ಒರೆಸುತ್ತಿದ್ದೆ. ನೆಮ್ಮದಿಯಾಗಿತ್ತು.

ಎರಡನೇ ವರ್ಷದ ಮಳೆ ಅವರನ್ನು ಸೋಲಿಸಿತು. ಬಟ್ಟೆ ಒಣಗಲಿಲ್ಲ, ಕರೆಂಟು ಬರಲಿಲ್ಲ, ಚಪ್ಪಲಿಗೆ, ಬೆಲ್ಟಿಗೆ, ಕೊನೆಗೆ ದೇವರ ಪಟಕ್ಕೂ ಬೂಷ್ಟು ಹಿಡಿಯಿತು. ಅದಕ್ಕಿಂತ ಹೆಚ್ಚಾಗಿ ಟೀಚರ ಗಂಡನಿಗೆ, ಆ ಹಾರ್ಡ್‌ವೇರ್ ಅಂಗಡಿಯವರಿಗೆ, ಮನಸ್ಸು ಮುರಿದಿತ್ತು. ಊರಲ್ಲಿ ನಮಗೊಂದು ಹೆಸರೇ ಇಲ್ಲ, ಯಾರೋ ಹೋಂಸ್ಟೇಯವರು ಅನ್ನುತ್ತಾರೆ, ಈ ಮಳೆ ಕಳೆದ ಮೇಲೆ ಮಾರಿ ಹೋಗುತ್ತೇವೆ ಅಂದರಂತೆ. ಟೀಚರಿಗೆ ಹೋಗಲು ಇಷ್ಟವಿಲ್ಲ. ಬೇಲಿ ಹತ್ತಿರ ಅತ್ತರಂತೆ.

ಹೆಂಡತಿ ಇದನ್ನೆಲ್ಲ ಹೇಳಿ ನನ್ನ ಎದುರು ಕೂತಳು.

“ಅವರು ಹೋದ್ರೆ ನಾನು ಯಾರ ಹತ್ರ ಮಾತಾಡ್ಲಿ?”

ಮನೆಯಲ್ಲಿ ಇರುವವರು ನಾವಿಬ್ಬರೇ. ಅವಳು ಸುತ್ತ ಒಮ್ಮೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ನಾನು ಎದ್ದು ಕೊಡೆ ತೆಗೆದುಕೊಂಡೆ. ಹೇಗಾದರೂ ಮಾಡಿ ಅವರನ್ನು ಇಲ್ಲೇ ಉಳಿಸಬೇಕಿತ್ತು.

ಬಿಳಿ ಕುಪ್ಯ

ಅಂಗಡಿಯವರ ಜಗಲಿಯಲ್ಲಿ ಕೂತು ನಾನು ಕೊಟ್ಟ ಬುದ್ಧಿಮಾತು ಇಷ್ಟೇ: “ಊರಿನವರ ಹಾಗೆ ಇರಿ.”

ಅವರು ಅದನ್ನು ಬಟ್ಟೆಯ ವಿಷಯ ಅಂದುಕೊಂಡರು. ಮೈಸೂರಿಗೆ ಹೋಗಿ ಕೊಡವರ ಕುಪ್ಯ ತಂದರು. ಮೊಣಕಾಲಿನ ತನಕ ಬರುವ ಬಿಳಿ ನಿಲುವಂಗಿ, ಸೊಂಟಕ್ಕೆ ಕೆಂಪು ರೇಷ್ಮೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ. ಅಷ್ಟೂ ಹಾಕಿಕೊಂಡು, ಮೇಲೊಂದು ಕೊಡೆ ಹಿಡಿದು, ಅತಿಥಿಗಳನ್ನು ಕಾಯುತ್ತ ಗೇಟಿನಲ್ಲಿ ನಿಂತರು.

ಮೊದಲು ಬಂದದ್ದು ಅತಿಥಿಗಳಲ್ಲ. ನಾನು ಕೆಲಸ ಮಾಡಿದ ತೋಟದ ಸಾವ್ಕಾರ್ರ ಜೀಪು. ಅವರು ಕೊಡವರು. ವಯಸ್ಸಾದವರು. ಆ ಉಡುಪು ಅವರಿಗೆ ಆಟದ ಸಾಮಾನಲ್ಲ. ಇವತ್ತಿಗೆ ಇವರ ಕಥೆ ಮುಗಿಯಿತು ಅಂತ ನಾನು ಬೇಲಿ ಹತ್ತಿರ ಹೋದೆ. ಜೀಪು ನಿಂತಿತು. ಸಾವ್ಕಾರ್ರು ಇವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕಪ್ಪು ಬಿಟ್ಟು ಬಿಳಿಯದು ಯಾಕೆ ತಂದದ್ದು ಅಂತ ಕೇಳಿದರು. ಬಿಳಿಯದೇ ಲಕ್ಷಣವಾಗಿ ಕಂಡಿತು ಅಂದರು ಇವರು.

“ನಮ್ಮಲ್ಲಿ ಸಾಮಾನ್ಯಕ್ಕೆ ಗಂಡಸು ಬಿಳಿ ಕುಪ್ಯ ಹಾಕೋದು ಎರಡು ಸಲ,” ಅಂದರು ಸಾವ್ಕಾರ್ರು. “ಒಂದು ಮದುವೆಗೆ. ನಿಮ್ಮದು ಆಗಿದೆ ಅಲ್ಲ?”

“ಆಗಿದೆ ಸಾರ್. ಎರಡನೇದು ಯಾವಾಗ?”

ಸಾವ್ಕಾರ್ರು ಗೇರು ಹಾಕಿದರು.

“ಅದಕ್ಕೆ ಅವಸರ ಎಂತ? ಹೊತ್ತು ಬಂದಾಗ ಬೇರೆಯವರೇ ಹಾಕ್ತಾರೆ.”

ಅಜ್ಜಿಯ ಕೈರುಚಿ

ಕುಪ್ಯ ಪೆಟ್ಟಿಗೆ ಸೇರಿತು. ಸಾವ್ಕಾರ್ರಿಗೆ ಬೇಸರವಾಗಿರಬಹುದು, ಒಂದು ಊಟಕ್ಕೆ ಕರೆಯೋಣ ಅಂದರು ಟೀಚರ್. ಮಳೆಗಾಲ, ಕಣಿಲೆಯ ಕಾಲ. ಎಳೆ ಬಿದಿರನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಹಾಕಿ, ಕಹಿ ತೆಗೆದು ಮಾಡುವ ಪಲ್ಯ. ನನ್ನ ಹೆಂಡತಿ ಬೇಲಿಯ ಮೇಲಿಂದ ವಿವರವಾಗಿ ಹೇಳಿಕೊಟ್ಟಳು. ಅವರ ಅಡುಗೆಯಾಕೆ ಅಸ್ಸಾಮಿನವಳು. ಕಾಫಿ ಪಿಕ್ಕಿಂಗಿಗೆ ಅಂತ ಬಂದು ತೋಟದ ಲೈನುಮನೆಯಲ್ಲಿದ್ದವಳು, ಮಂಡಿ ನೋವು ಅಂತ ಅಡುಗೆಮನೆ ಸೇರಿದ್ದಳು. ಹೇಳಿದ್ದಕ್ಕೆಲ್ಲ ತಲೆ ಆಡಿಸಿದಳು. ಆಮೇಲೆ ತನಗೆ ಗೊತ್ತಿದ್ದ ಹಾಗೆ ಮಾಡಿದಳು.

ಊಟಕ್ಕೆ ನನ್ನನ್ನೂ ಕರೆದಿದ್ದರು. ಸಾವ್ಕಾರ್ರು ಒಂದು ತುತ್ತು ಬಾಯಿಗಿಟ್ಟರು. ಮತ್ತೆ ಹಾಕಿಸಿಕೊಂಡರು. ಇದು ನಮ್ಮ ಅಜ್ಜಿಯ ಕೈರುಚಿ, ಅವರು ತೀರಿಕೊಂಡ ಮೇಲೆ ನನಗೆ ಇದು ಸಿಕ್ಕಿದ್ದು ಇವತ್ತೇ ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ಖಾರಕ್ಕೂ ಇರಬಹುದು.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅಡುಗೆಯಾಕೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

“ರೈಟರ್ ಸಾರ್, ಅವರ ಅಜ್ಜಿ ನಮ್ಮ ಅಸ್ಸಾಂ ಕಡೆಯವರಾ?”

ಆಟಿ ಹದಿನೆಂಟು

ಊಟ ಚೆನ್ನಾಯಿತು, ಆದರೆ ಅಂಗಡಿಯವರ ಮನಸ್ಸು ಬದಲಾಗಲಿಲ್ಲ. ಬೆಂಗಳೂರಿನ ಎರಡು ಕುಟುಂಬ ಬರುವುದಿತ್ತು. ಅವರೇ ಕೊನೆ, ಆಮೇಲೆ ಬೀಗ ಅಂದುಬಿಟ್ಟರು.

ಆ ಕುಟುಂಬಗಳು ಬಂದದ್ದು ಜೋರು ಮಳೆಯ ಆಟಿ ತಿಂಗಳ ಹದಿನೆಂಟರಂದು. ಆ ದಿನ ಇಲ್ಲಿ ಮನೆಮನೆಯಲ್ಲೂ ಮದ್ದು ಸೊಪ್ಪಿನ ಪಾಯಸ. ಆ ಒಂದು ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಕೂಡುತ್ತದೆ ಅನ್ನುತ್ತಾರೆ. ಕುದಿಸಿದರೆ ನೀರು ಕಡು ನೇರಳೆಯಾಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನ ಹಾಲು ಹಾಕಿದರೆ ಘಮ ರಸ್ತೆಗೆ ಬರುತ್ತದೆ. ತಿಂದವರಿಗೆ ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಅಷ್ಟೇ, ಬೇರೇನೂ ಆಗುವುದಿಲ್ಲ. ಗೊತ್ತಿಲ್ಲದವರಿಗೆ ಜೀವ ಹೋದ ಹಾಗಾಗುತ್ತದೆ. ನಮ್ಮಪ್ಪ ಬಂದ ಮೊದಲ ವರ್ಷ ಹಾಗೇ ಆಗಿ, ತಮ್ಮ ಕಾಲ ಮುಗಿಯಿತು ಅಂತ ಅರಕಲಗೂಡಿನ ನೆಂಟರಿಗೆಲ್ಲ ಹೇಳಿ ಕಳಿಸಿದ್ದರು. ಅಳುತ್ತ ಬಂದವರು ಕೋಳಿ ಸಾರು ಉಂಡು ಹೋದರು.

ಹಿಂದಿನ ವರ್ಷ ಆ ದಿನ ಪಕ್ಕದ ಮನೆಯವರು ತುಮಕೂರಿಗೆ ಹೋಗಿದ್ದರು. ಈ ಸಲ ಹೆಂಡತಿ ಟೀಚರನ್ನು ಹೊಳೆ ಬದಿಗೆ ಕರೆದುಕೊಂಡು ಹೋಗಿ ಸೊಪ್ಪು ಕೊಯ್ದು ಕೊಟ್ಟಳು. ಅಷ್ಟರಲ್ಲಿ ಕುಶಾಲನಗರದ ತಂಗಿಗೆ ಹುಷಾರಿಲ್ಲ ಅಂತ ಫೋನು ಬಂತು. ಬಸ್ಸಿಗೆ ಓಡುತ್ತ, ಸೊಪ್ಪಿನ ವಿಷಯ ನೀವೇ ಅವರಿಗೆ ಹೇಳಿಬಿಡಿ ಅಂದಳು.

ನಾನು ಬೇಲಿ ಹತ್ತಿರ ಹೋದೆ. ಅಂಗಡಿಯವರು ಕಂಡರು. ಹೆಂಗಸರು ಮಕ್ಕಳು ಸುತ್ತ ನಿಂತಿದ್ದರು. ಎಷ್ಟು ಹೇಳಬೇಕೋ ಅಷ್ಟು ಹೇಳಿದೆ.

“ಬೆಳಿಗ್ಗೆ ಕೆಂಪಾಗುತ್ತೆ. ಹೆದರಬೇಡಿ.”

ಅವರು ಖುಷಿಯಿಂದ ತಲೆ ಆಡಿಸಿದರು. ಅರ್ಥವಾಯಿತು ಅಂದುಕೊಂಡೆ. ಅವರಿಗೆ ಅರ್ಥವಾದದ್ದು ಹೊಳೆ. ನಾಳೆ ಬೆಳಿಗ್ಗೆ ನಮ್ಮ ಹೊಳೆ ಕೆಂಪಾಗುತ್ತದೆ, ಇಲ್ಲಿ ಮಾತ್ರ ಕಾಣುವ ವಿಶೇಷ, ಹಳಬರಿಗೆ ಮೊದಲೇ ತಿಳಿಯುತ್ತದೆ ಅಂತ ಅತಿಥಿಗಳಿಗೆ ಹೇಳಿದರು. ಎಲ್ಲರೂ ಬಟ್ಟಲು ಬಟ್ಟಲು ಪಾಯಸ ತಿಂದು ಮಲಗಿದರು.

ಬೆಳಗಾಗುತ್ತಲೇ ಕೊಡೆ ಹಿಡಿದು, ಮೊಬೈಲು ಹಿಡಿದು ಹೊಳೆಗೆ ಇಳಿದರು. ಹೊಳೆ ಆಟಿಯ ಹೊಳೆಯ ಹಾಗೆಯೇ ಇತ್ತು, ಕೆಸರು ಕೆಂಪು. ಫೋಟೋ ಹೊಡೆದುಕೊಂಡು ಸಂತೋಷದಿಂದ ವಾಪಸು ಬಂದರು. ಆಮೇಲೆ ಒಬ್ಬೊಬ್ಬರಾಗಿ ಬಾತ್‌ರೂಮಿಗೆ ಹೋದರು.

ಮೊದಲು ಹೋದ ಬೆಂಗಳೂರಿನ ಯಜಮಾನರು ಹೊರಗೆ ಬಂದು ಯಾರಿಗೂ ಹೇಳದೆ ಕುರ್ಚಿಯಲ್ಲಿ ಕೂತರಂತೆ. ಎರಡನೆಯವರು ಬಂದು ಅವರ ಪಕ್ಕ ಕೂತರಂತೆ. ಮೂರನೆಯವರು ಬಾಯಿಬಿಟ್ಟ ಮೇಲೆ ಮನೆಯೇ ಎದ್ದಿತು. ನಾನು ಕಾಫಿ ಕುಡಿಯುತ್ತಿದ್ದೆ. ಅಂಗಡಿಯವರು ಓಡಿ ಬಂದು, ನಿಮಗೆ ಆಸ್ಪತ್ರೆ ಗೊತ್ತು, ಬನ್ನಿ ಅಂತ ನನ್ನನ್ನು ಕಾರಿಗೆ ತಳ್ಳಿದರು. ಕಾರಿನಲ್ಲಿ ಒಬ್ಬರದು ಮಂತ್ರ, ಒಬ್ಬರದು ಅಳು, ಮಕ್ಕಳದು ಬೇರೆ.

“ಸೊಪ್ಪು,” ಅಂದೆ. ಯಾರೂ ಕೇಳಲಿಲ್ಲ. ಇನ್ನೊಂದು ಸಲ ಹೇಳಿದೆ. ನನ್ನ ಮಟ್ಟಿಗೆ ಅದು ಭಾಷಣ.

ಆಸ್ಪತ್ರೆಯಲ್ಲಿದ್ದ ಡಾಕ್ಟರ್ ರಾಯಚೂರಿನವರು, ಚಿಕ್ಕ ಪ್ರಾಯ, ಬಂದು ವಾರವಾಗಿತ್ತು. ಪೇಟೆಯ ಒಂದು ಮನೆಯಲ್ಲಿ ಬಾಡಿಗೆ ಕೋಣೆ. ಮುಖ ಬಿಳಿಚಿಕೊಂಡು ಕೂತಿದ್ದರು. ಅಂಗಡಿಯವರು ವಿಷಯ ಹೇಳಿದರು. ಡಾಕ್ಟರ್ ಎದ್ದು ಬಾಗಿಲು ಹಾಕಿದರು, ಹತ್ತಿರ ಬಂದರು, ದನಿ ತಗ್ಗಿಸಿದರು.

“ನಿಮಗೂನಾ?”

ಆ ಹೊತ್ತಿಗೆ ಊರಿನವರೇ ಆದ ನರ್ಸಮ್ಮ ಟ್ರೇ ಹಿಡಿದು ಬಂದರು. ಎಲ್ಲರ ಮುಖ ನೋಡಿದರು. ಡಾಕ್ಟ್ರೇ, ನಿನ್ನೆ ಮನೆಯವರು ಪಾಯಸ ಕೊಟ್ರಾ ಅಂತ ಕೇಳಿದರು. ಆಮೇಲೆ ಟ್ರೇ ಇಟ್ಟು, ನೆಲದ ಮೇಲೆ ಕೂತು ನಕ್ಕರು.

ಬೆಂಗಳೂರಿನವರು ವಾಪಸು ಬರುವಾಗ ದಾರಿಯುದ್ದಕ್ಕೂ ನಕ್ಕರು. ಉಳಿದ ಪಾಯಸವನ್ನೂ ಕೇಳಿ ತಿಂದರು. ಭಾನುವಾರದ ಸಂತೆಯಲ್ಲಿ ತರಕಾರಿಯವಳಿಂದ ಹಿಡಿದು ಬಸ್ಸಿನ ಕಂಡಕ್ಟರ್ ತನಕ ಟೀಚರನ್ನು ನಿಲ್ಲಿಸಿ ನಿಲ್ಲಿಸಿ ಮಾತಾಡಿಸಿದರು. ಅವರ ಮನೆಗೆ ಕೆಂಪು ಮನೆ ಅಂತ ಹೆಸರು ಬಿತ್ತು. ಹೆಸರು ಬಿದ್ದ ಮೇಲೆ ಮಾರುವ ಮಾತು ನಿಂತಿತು. ಸಾವ್ಕಾರ್ರು ಕೈಲು ಮುಹೂರ್ತದ ಹಬ್ಬಕ್ಕೆ ಇಬ್ಬರನ್ನೂ ಕರೆದರು. ಪ್ಯಾಂಟಿನಲ್ಲೇ ಬನ್ನಿ ಅಂತ ಸೇರಿಸಿದರು. ನನ್ನ ಹೆಂಡತಿ ಬೇಲಿಗೆ ಹೋದಳು. ನಾನು ಹಾಲು ಒರೆಸಿದೆ.

ಈ ವರ್ಷ ನಮ್ಮ ಮೇಲ್ಬದಿಯ ಗುಡ್ಡದ ಮನೆಯನ್ನು ಪುಣೆಯವರು ಕೊಂಡುಕೊಂಡಿದ್ದಾರೆ. ಅವರ ಹೋಂಸ್ಟೇ ಬೋರ್ಡು ನೋಡಿ ಅಂಗಡಿಯವರು ಬೇಲಿ ಹತ್ತಿರ ಬಂದು, ಹೊರಗಿನವರು ಬಂದು ಬಂದು ನಮ್ಮ ಕೊಡಗು ಕೆಟ್ಟಿತು ರೈಟ್ರೇ ಅಂದರು. ಹ್ಞೂ ಅಂದೆ.

ಆಟಿ ಹದಿನೆಂಟರಂದು ಟೀಚರ್ ಟಿಫಿನ್ ಕ್ಯಾರಿಯರಿನಲ್ಲಿ ಪಾಯಸ ತುಂಬಿಸಿಕೊಂಡು ಆ ಮನೆಗೆ ಹೋಗಿ ಬಂದರು. ನಾನು ಗೇಟಿನಲ್ಲಿದ್ದೆ. ಸೊಪ್ಪಿನ ವಿಷಯ ಅವರಿಗೆ ಹೇಳಿದಿರಾ ಅಂತ ಕೇಳಿದೆ.

“ಹೇಳಿದೀನಿ ರೈಟ್ರೇ,” ಅಂದರು ಟೀಚರ್. “ಬೆಳಿಗ್ಗೆ ಕೆಂಪಾಗುತ್ತೆ ಅಂತ.”