ಪರಮೇಶ್ವರಪ್ಪ ಹಾಕಿದ ಹೆಪ್ಪು

ಹತ್ತಿಮತ್ತೂರಿನ ಪರಮೇಶ್ವರಪ್ಪನಿಗೆ ಗೊತ್ತಿಲ್ಲದ ರೋಗವೇ ಇರಲಿಲ್ಲ. ಗೊತ್ತಿದ್ದ ಔಷಧ ಮಾತ್ರ ಒಂದೇ, ನಿಂಬೆಹಣ್ಣು ಹಿಂಡಿದ ಸೋಡಾ! "ನಾ ಇರೂತನಕ ನಮ್ಮನ್ಯಾಗ ಯಾರೂ ದವಾಖಾನಿ ಹೊಸ್ತಲಾ ತುಳಿಯಂಗಿಲ್ಲ" ಎಂದು ಕಟ್ಟೆಯ ಮೇಲೆ ಕೂತು ಸಾರಿಬಿಟ್ಟಿದ್ದ ಮಹಾಶಯ.

ಹೆಂಡತಿ ಹೊನ್ನವ್ವನಿಗೆ ಮುಟ್ಟು ನಿಂತು ಎರಡು ವರ್ಷ. ಅಂದಿನಿಂದ ಆಗಾಗ ಮೈ ಧಗಧಗ, ಬೆವರು. ಹಾಗಾಗಿ ಆ ಮುಂಜಾನೆ ಮೊಸರು ಕಡೆಯುತ್ತಿದ್ದವಳು ಕಡಗೋಲು ಬಿಟ್ಟು ಬೆವರುತ್ತ ಕೂತಾಗ ಅವನಿಗೆ ಗಾಬರಿಯೇ ಆಗಲಿಲ್ಲ.

"ದವಡಿ ಜಗ್ಗಾಕತ್ತೇತ್ರಿ. ಬೆನ್ನೂ ಹಿಡದೈತಿ."

"ಗ್ಯಾಸ್ ಲೇ! ಸೋಡಾ ತರ್ತೇನಿ, ತಡಿ."

"ಎದಿದೇನರ ಇರಬೌದೇನ್ರಿ?"

"ಎದಿಬ್ಯಾನಿ ಗಂಡಸರ ರೋಗ. ನಿನಗೆಲ್ಲಿಂದ ಬರತೈತಿ?"

ಮೊದಲ ಸೋಡಾಕ್ಕೆ ತೇಗು ಬಂತು. ಪರಮೇಶ್ವರಪ್ಪ ದಂಡಯಾತ್ರೆ ಗೆದ್ದವನಂತೆ ಬೀಗಿದ. ಎರಡನೆಯದಕ್ಕೆ ವಾಂತಿ. "ನೋಡು, ಪಿತ್ತ ಹೊರಗ ಬಂತು!" ಮೂರನೆಯದನ್ನು ತೆರೆಯುವಾಗ ಟಂಟಂ ಆಟೋ ಓಡಿಸುವ ಪಕ್ಕದ ಮನೆಯ ನಿಯಾಜ ಇಣುಕಿದ.

"ಯಪ್ಪಾ! ಕಾಕಿ ಮಾರಿ ಸುಣ್ಣ ಬಳದಂಗ ಆಗೈತಲ್ರಿ ಕಾಕಾ! ಏಳ್ರಿ, ಗಾಡಿ ಹತ್ತಸ್ರಿ!"

ಅಷ್ಟರಲ್ಲಿ ಎರಡು ತಾಸು ಕಳೆದಿದ್ದವು.

ಹಾವೇರಿಯಲ್ಲಿ ಡಾಕ್ಟರಮ್ಮ ಬಿಡಿಸಿ ಹೇಳಿದರು: "ಮುಟ್ಟು ನಿಂತ ಮ್ಯಾಲೆ ಹೆಂಗಸರನ್ನ ಕಾಯೂ ಹಾರ್ಮೋನು ಕಡಿಮಿ ಆಗತೈತ್ರಿ. ಹೃದಯದ ಅಪಾಯ ಏರತೈತಿ. ಇವರಿಗೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿತ್ತು."

"ಹೆಪ್ಪೇನ್ರಿ? ಹಾಲಿಗೆ ಹಾಕ್ತಾರಲ್ರಿ, ಅದಾ?"

ಡಾಕ್ಟರಮ್ಮ ನಗಲಿಲ್ಲ. "ಜೀವ ಉಳದೈತಿ. ಆದ್ರ ಹೃದಯದ ಒಂದು ಭಾಗ ಸತ್ತಹೋಗೈತಿ. ಎರಡು ತಾಸು ಮೊದಲ ತಂದಿದ್ರ..."

ಪರಮೇಶ್ವರಪ್ಪ ಹೊರಗೆ ಹೋಗಿ, ಗೋಡೆಗೆ ಮುಖ ಮಾಡಿ, ಗಳಗಳ ಅತ್ತ.

ಎರಡೆರಡು ಕೊಡ ಹೊರುತ್ತಿದ್ದ ಹೊನ್ನವ್ವ ಈಗ ಹಾಸಿಗೆಯಿಂದ ಹೊಸ್ತಿಲಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಾಳೆ. ನೋಡಿದಾಗಲೆಲ್ಲ ಅವನು ಕುರ್ಚಿ ಎಳೆದು ತಂದು ಅವಳನ್ನು ಕೂರಿಸುತ್ತಾನೆ. ಆದರೂ ಹುಟ್ಟುಗುಣ ಎಲ್ಲಿ ಹೋಗಬೇಕು! "ನೀ ಸುಮ್ನ ಕುಂದ್ರು, ಇನ್ನ ಮ್ಯಾಲೆ ಮೊಸರು ನಾ ಮಾಡ್ತೇನಿ!" ಎಂದು ಘೋಷಿಸಿ, ಕುದಿಕುದಿ ಹಾಲಿಗೇ ಹೆಪ್ಪು ಸುರಿದ. ಮರುದಿನ ಗಡಿಗೆಯ ಮುಚ್ಚಳ ತೆಗೆದರೆ ಮೊಸರಿಲ್ಲ, ಬರೀ ನೀರಿನಂಥ ಹಾಲು.

ಹೊನ್ನವ್ವ ಇಣುಕಿ ನಕ್ಕಳು. ನಗುವಿಗೂ ದಮ್ಮು ಸಾಲದೆ ಎದೆ ಹಿಡಿದು ಗೋಡೆಗೆ ಒರಗಿದಳು. ಅವನು ಗಡಿಗೆ ಬಿಟ್ಟು ಓಡಿ ಬಂದು ಅವಳ ಕೈ ಹಿಡಿದ. ಉಸಿರು ತಿರುಗಿದ ಮೇಲೆ ಅವಳು ಮೆಲ್ಲಗೆ ಅಂದಳು:

"ರಾತ್ರಿಯೆಲ್ಲಾ ಕಾದ್ರೂ ನಿಮ್ಮ ಹಾಲು ಹೆಪ್ಪಾಗಲಿಲ್ಲ. ಅವತ್ತ ಸೋಡಾ ಕುಡಿಸಿ ಎರಡ ತಾಸು ಕಾದ್ರಿ ನೋಡ್ರಿ, ನನ್ನ ರಕ್ತ ಎಷ್ಟ ಚಂದ ಹೆಪ್ಪಾತು!"