ಎಮ್ಮೆ ಮೂರನೆಯದು, ಭರಮಣ್ಣ ಮಾಲಕ

ಕೈ ಆಡಿಸದೆ ಮಾತಾಡುವುದು ನನಗೆ ಬರುವುದಿಲ್ಲ. ಇದು ಊರಿಗೆಲ್ಲ ಗೊತ್ತಿರುವ ಸಂಗತಿ. ಚಿಕ್ಕಂದಿನಲ್ಲಿ ಮಾಸ್ತರರು ಒಮ್ಮೆ ನನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿ ಹದಿಮೂರರ ಮಗ್ಗಿ ಕೇಳಿದರು, ಒಂದಂಕಿಯೂ ಹೊರಬೀಳಲಿಲ್ಲ. ಕೈ ಬಿಚ್ಚಿದ ಕೂಡಲೇ ಮಗ್ಗಿ ಗಡಗಡ ಬಂತು. ತಪ್ಪು ತಪ್ಪಾಗಿ ಬಂತು, ಅದು ಬೇರೆ ಮಾತು. ಲಗ್ನದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕೂತವರು ಮೊದಲು ನೀರಿನ ತಂಬಿಗೆಯನ್ನು ಆಚೆ ಸರಿಸಿ, ಆಮೇಲೆ ಎಲೆಗೆ ಕೈ ಹಚ್ಚುತ್ತಾರೆ. ಇಂಥ ಮನುಷ್ಯ ಮೋಟಾರು ಓಡಿಸಲು ಕಲಿಯಬಾರದಾಗಿತ್ತು. ಕಲಿತೆ.

ಇಚಲಕರಂಜಿಯಲ್ಲಿ ನಮ್ಮದು ಸೀರೆಯ ವ್ಯಾಪಾರ. ನಮ್ಮದು ಅಂದರೆ ನನ್ನದು ಮತ್ತು ಭರಮಣ್ಣನದು, ಸಮಪಾಲು. ಅವನು ನಾಂದಣಿಯ ಜೈನರ ಮನೆಯವ. ನಾನು ಎಷ್ಟು ಮಾತಿನವನೋ ಅವನು ಅಷ್ಟು ಮೌನಿ. ಗಿರಾಕಿಯ ಮುಂದೆ ನಾನು ಅರ್ಧ ತಾಸು ಸೆರಗಿನ ಗುಣಗಾನ ಮಾಡಿದರೂ ಒಲಿಯದ ಗಿರಾಕಿ, ಅವನು "ಬಣ್ಣ ಹೋಗೂದಿಲ್ಲ, ಒಯ್ರಿ" ಅಂದರೆ ಸಾಕು, ಕೊಳ್ಳುತ್ತಿತ್ತು. ಯುದ್ಧ ಮುಗಿದು ಪೆಟ್ರೋಲಿನ ಕಾಟ ಒಂದಿಷ್ಟು ಸಡಿಲಾದಾಗ ನಾವು ಅಂಗಡಿಯ ಹೆಸರಿನಲ್ಲಿ ಹಳೆಯದೊಂದು ಮೋಟಾರು ಕೊಂಡೆವು. ಯಡ್ರಾವದ ಮಗ್ಗಗಳಿಂದ ಸೀರೆ ತಂದು ಕೊಲ್ಲಾಪುರ, ಗಡಹಿಂಗ್ಲಜದ ಅಂಗಡಿಗಳಿಗೆ ಮುಟ್ಟಿಸುವುದು ನಮ್ಮ ಉದ್ದೇಶ. ಓಡಿಸುವವನು ನಾನು, ಪಕ್ಕದಲ್ಲಿ ಕೂತು ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಳ್ಳುವವನು ಭರಮಣ್ಣ.

ಮೋಟಾರು ಬಂದ ವಾರಕ್ಕೆ ಕೊಲ್ಲಾಪುರದಿಂದ ವಿಮೆಯ ಏಜೆಂಟರು ಬಂದರು. ಕರಿ ಟೊಪ್ಪಿಗೆ, ಕೈಯಲ್ಲಿ ಚರ್ಮದ ಚೀಲ, ಅರ್ಧ ಮರಾಠಿ ಅರ್ಧ ಕನ್ನಡ. "ಮಾಲಕ, ಥರ್ಡ್ ಪಾರ್ಟಿ ಮ್ಹಣಜೆ ತಿರ್ಹಾಯಿತ. ಹೊರಗಿನಾಂವ, ಮೂರನೇದಾಂವ," ಎಂದು ವಿವರಿಸಿದರು. "ನಿಮ್ಮ ಗಾಡಿಯಿಂದ ಅವಗ ಪೆಟ್ಟಾತು, ಅವನ ದನಕ್ಕ ಪೆಟ್ಟಾತು, ತಪ್ಪು ನಿಮ್ದ ಐತಿ ಅನ್ರಿ. ಆದ್ರೂ ಪರಿಹಾರ ಕಂಪನಿ ಕೊಡತೈತಿ."

ಭರಮಣ್ಣ ಕೇಳಿದ: "ಮೂರನೇದಾಂವ ಅವ ಆದ್ರ, ಮೊದಲನೇದಾಂವ ಯಾರ್ರಿ?"

"ನೀವು ಮಾಲಕರು ಮೊದಲನೇದವ್ರು. ಎರಡನೇದು ಕಂಪನಿ."

"ಗಾಡಿ ಒಳಗ ಕೂತ ಮೊದಲನೇದಾಂವಗ ಪೆಟ್ಟಾದ್ರ?"

"ಅದಕ್ಕ ಬ್ಯಾರೆ ಹಪ್ತಾ ಕಟ್ಟಬೇಕ್ರಿ."

ನಾನು ಎರಡೂ ಕೈ ಬೀಸಿದೆ. "ಯಾಕ ಬೇಕದು? ಒಳಗ ಕೂಡಾವ್ರು ನಾವಿಬ್ಬರು. ಹೊಡಿಯಾಂವ ನಾ. ಏನಾಗತೈತಿ?" ಭರಮಣ್ಣ ನನ್ನ ಮುಖವನ್ನು ನೋಡಿದ, ನನ್ನ ಕೈಗಳನ್ನು ನೋಡಿದ, ಬೇರೆ ಹಪ್ತಾ ಇಲ್ಲದ ಕಾಗದಕ್ಕೆ ಸಹಿ ಮಾಡಿದ. ಆ ಕಾಗದ ಇಂಗ್ಲಿಷಿನಲ್ಲಿತ್ತು. ನಾವಿಬ್ಬರೂ ಅದನ್ನು ಓದಿದಂತೆ ಸ್ವಲ್ಪ ಹೊತ್ತು ಹಿಡಿದುಕೊಂಡು ಕೂತಿದ್ದೆವು.

ಆದದ್ದು ಗಡಹಿಂಗ್ಲಜದಿಂದ ತಿರುಗಿ ಬರುವಾಗ, ಮಟಮಟ ಮಧ್ಯಾಹ್ನ. ಅಲ್ಲಿಯ ಒಬ್ಬ ಅಂಗಡಿಕಾರ ನಮ್ಮ ಸೀರೆಯ ಅಂಚು ಸಣ್ಣದಾಯಿತೆಂದು ಒಂದು ಗಂಟು ಮರಳಿ ಕೊಟ್ಟಿದ್ದ. ನನಗೆ ಸಿಟ್ಟು ಬಂದಿತ್ತು. "ಎಷ್ಟು ಅಗಲ ಬೇಕಂತ ಅವಗ? ಇಷ್ಟೋ? ಇಷ್ಟೋ?" ಎಂದು ಅಂಚಿನ ಅಳತೆ ತೋರಿಸಿದೆ. ಎರಡೂ ಕೈಗಳಿಂದ ತೋರಿಸಿದೆ. ಭರಮಣ್ಣ "ಎಮ್ಮಿ! ಎಮ್ಮಿ!" ಎಂದು ಕೂಗಿದ. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ರಸ್ತೆಯ ಬದಿಯಲ್ಲಿ ತನ್ನ ಪಾಡಿಗೆ ಹೊರಟಿದ್ದ ಎಮ್ಮೆಗೆ ಬಡಿದು, ಅಲ್ಲಿಂದ ಬೇವಿನ ಮರಕ್ಕೆ ಹೋಗಿ ನಿಂತೆವು. ಸಪ್ಪಳ ಕೇಳಿ ಎಮ್ಮೆಯ ಒಡತಿ, ಒಬ್ಬ ಮುದುಕಿ, ಓಡಿ ಬಂದಳು. ನನಗೆ ಹಣೆಯ ಮೇಲೆ ಒಂದು ಗೀರು. ಎಮ್ಮೆಯ ಕಾಲು ಮುರಿದಿತ್ತು. ಭರಮಣ್ಣನದೂ.

ಕೊಲ್ಲಾಪುರದ ಆಸ್ಪತ್ರೆಯಲ್ಲಿ ಅವನ ಕಾಲಿಗೆ ಪಟ್ಟಿ ಕಟ್ಟಿ ಮಲಗಿಸಿದರು. ಏಜೆಂಟರು ಅಲ್ಲಿಗೇ ಬಂದು, ನಡೆದದ್ದನ್ನು ಬರೆದು ಕೊಡಿ, ತಪ್ಪು ಯಾರದೆಂದು ಸ್ಪಷ್ಟ ಬರೆಯಿರಿ ಎಂದರು. ಇಲ್ಲಿ ನನ್ನ ಸಣ್ಣತನವನ್ನು ಮುಚ್ಚಿಡುವುದಿಲ್ಲ. "ಎಮ್ಮಿ ಒಮ್ಮೆಲೇ ಅಡ್ಡ ಬಂತು" ಎಂದು ಬರೆಯಲು ನಾನು ಲೇಖನಿ ಎತ್ತಿದ್ದೆ. ಎಮ್ಮೆ ಬಂದು ಸಾಕ್ಷಿ ಹೇಳುವಂತಿರಲಿಲ್ಲ.

ಹಾಸಿಗೆಯಿಂದ ಭರಮಣ್ಣ ಅಂದ: "ಎಮ್ಮಿ ಅಡ್ಡ ಬರಲಿಲ್ಲ. ಆ ಮುದುಕಿಗೆ ಅದ ಒಂದ ಎಮ್ಮಿ. ಖರೇನ ಬರಿ."

ಬರೆದೆ. ಏಜೆಂಟರು ಅದನ್ನು ಇಂಗ್ಲಿಷಿಗೆ ಇಳಿಸಿ ನನ್ನ ಸಹಿ ಹಾಕಿಸಿಕೊಂಡರು. ಕಂಪನಿ ಮಾತಿಗೆ ತಪ್ಪಲಿಲ್ಲ. ಎಮ್ಮೆಯ ಮುದುಕಿಗೆ ಪರಿಹಾರ ಬಂತು. ಭರಮಣ್ಣನ ಕಾಲಿಗೆ ಏನೂ ಬರಲಿಲ್ಲ. ಏಜೆಂಟರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಏನ ಮಾಡೂದ್ರಿ, ಇವ್ರು ಮಾಲಕರು. ಮೂರನೇದವ್ರಲ್ಲ," ಎಂದರು. ಭರಮಣ್ಣನ ಹೆಂಡತಿ ಪದ್ಮವ್ವ ತಲೆದಿಂಬಿನ ಹತ್ತಿರ ನಿಂತಿದ್ದಳು. "ಅಂದ್ರ ನನ್ನ ಗಂಡ ಎಮ್ಮಿಗಿಂತ ಕಡೀನ್ರಿ?" ಎಂದು ಕೇಳಿದಳು. ಕೇಳಿದ್ದು ಏಜೆಂಟರನ್ನು, ನೋಡಿದ್ದು ನನ್ನನ್ನು. ಭರಮಣ್ಣನಿಗೆ ಅದನ್ನು ಕೇಳಿ ನಗು ಬಂತು. ನಕ್ಕರೆ ಕಾಲು ನೋಯುತ್ತಿತ್ತು, ಆದ್ದರಿಂದ ಅರ್ಧಕ್ಕೆ ನಿಲ್ಲಿಸಿದ.

ಕಾಲು ಕೂಡಿತು, ಆದರೆ ಗಿಡ್ಡವಾಗಿ ಕೂಡಿತು. ಅಂಗಡಿಯ ಮೆಟ್ಟಿಲು ಹತ್ತುವುದು ಅವನಿಗೆ ಕಷ್ಟವಾಯಿತು. ಒಂದು ದಿನ, ಪಾಲು ಬಿಡಿಸಿಕೊಂಡು ನಾಂದಣಿಗೆ ಹೋಗಿ ಹೊಲ ನೋಡಿಕೊಳ್ಳುತ್ತೇನೆಂದ. ಜಗಳವಿಲ್ಲ, ಬಿರುಸು ಮಾತಿಲ್ಲ. ನಾನು ಬೇಡವೆಂದು ಬಹಳ ಹೇಳಿದೆ, ಬಹಳ ಕೈ ಬೀಸಿದೆ. ಕೊನೆಗೆ ಅವನು ಹೇಳಿದ: "ತಪ್ಪು ನಂದಂತ ಕಂಪನಿಗೆ ಇಂಗ್ಲೀಷಿನ್ಯಾಗ ಬರದ ಕೊಟ್ಟಿ. ನನಗ ಕನ್ನಡದಾಗ ಒಮ್ಮಿನೂ ಅನಲಿಲ್ಲ ನೋಡು." ಇಷ್ಟು ಹೇಳಿ ಅಂಗಡಿಯ ಬೀಗದ ಕೈ ಗಾದಿಯ ಮೇಲೆ ಇಟ್ಟ.

ಆ ಮಾತು ಮೂರು ತಿಂಗಳು ನನ್ನನ್ನು ತಿಂದಿತು. ಗಿರಾಕಿಗಳೂ ಕಡಿಮೆಯಾದರು, ನನ್ನ ಮಾತೆಲ್ಲ ಮುಗಿದ ಮೇಲೂ ಅವರು ಇನ್ನೇನೋ ಕೇಳಬೇಕಾಗಿತ್ತು ಎಂಬಂತೆ ಭರಮಣ್ಣನ ಖಾಲಿ ಜಾಗವನ್ನು ನೋಡಿ ಎದ್ದು ಹೋಗುತ್ತಿದ್ದರು. ಕಡೆಗೊಂದು ದಿನ ಗಟ್ಟಿ ಮನಸ್ಸು ಮಾಡಿ ಬಸ್ಸು ಹಿಡಿದು ನಾಂದಣಿಗೆ ಹೋದೆ. ಪದ್ಮವ್ವ ಚಹಾ ಕೊಟ್ಟಳು. ಇಡೀ ಮಧ್ಯಾಹ್ನ ನಾನು ನೂಲಿನ ಧಾರಣೆ ಹೇಳಿದೆ, ಯಡ್ರಾವದ ಮಗ್ಗಗಳ ಸುದ್ದಿ ಹೇಳಿದೆ, ಅವರ ಹೊಲದ ತಂಬಾಕನ್ನು ಹೊಗಳಿದೆ. ಹೇಳಲು ಬಂದ ಮಾತೊಂದನ್ನು ಬಿಟ್ಟು ಉಳಿದೆಲ್ಲ ಹೇಳಿದೆ. ಹೊರಟಾಗ ಭರಮಣ್ಣ ಕೋಲು ಊರಿಕೊಂಡು ಬಸ್ಸಿನ ತನಕ ಬಂದ. ನಾನು ಬೇಡವೆಂದರೂ ಬಂದ. ಆ ದಾರಿ ಸಣ್ಣದು. ಅವತ್ತು ಭಾಳ ಹೊತ್ತು ಹಿಡಿಯಿತು.

ನಾನು ಒಳಗೆ ಕೂತೆ. ಬಸ್ಸು ಗುರುಗುಟ್ಟಿತು. ಈಗ ಬಿಟ್ಟರೆ ಇನ್ನಿಲ್ಲವೆಂದು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಭರಮಣ್ಣಾ, ತಪ್ಪು ನಂದೋ!" ಎಂದೆ.

ಅವನು ಕಿವಿಗೆ ಕೈ ಹಚ್ಚಿದ. "ಏನಂದಿ?"

ಬಸ್ಸಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದ್ದರು.

"ತಬ್ಯೇತ... ತಬ್ಯೇತ ಜ್ವಾಕೀ ಅಂದೆ!" ಎಂದು ತಪ್ಪನ್ನು ಆರೋಗ್ಯದ ಮಾತಿಗೆ ಹೊರಳಿಸಿ ಕೂಗಿದೆ.

"ಹೂಂ, ನಿಂದೂ!" ಎಂದು ಅವನು ಕೋಲು ಎತ್ತಿದ. ಬಸ್ಸು ಹೊರಟಿತು. ಊರು ಮುಟ್ಟುವ ತನಕ ನಾನು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಯಾರೊಡನೆಯೂ ಮಾತಾಡದೆ ಕೂತಿದ್ದೆ. ನಡುದಾರಿಯಲ್ಲಿ ಹತ್ತಿ ಪಕ್ಕದಲ್ಲಿ ಕೂತಿದ್ದ ಅಕಿವಾಟದ ಗೃಹಸ್ಥರು ಇಳಿಯುವಾಗ ಮೆಚ್ಚಿ ಹೇಳಿದರು: "ಭಾಳ ಶಾಂತ ಮನಷ್ಯಾರ್ರಿ ನೀವು."