ಎದ್ದು ನಿಂತ ಹಿತ್ತಲು

ನೆಲದ ಮೇಲೆ ಕೂತು ಏಳುವುದು ಒಂದು ವಿದ್ಯೆ ಎಂದು ನನಗೆ ಗೊತ್ತಾದದ್ದು ಆ ವಿದ್ಯೆ ನನ್ನನ್ನು ಬಿಟ್ಟುಹೋದ ಮೇಲೆ. ಕೂರುವುದೇನೋ ಇವತ್ತಿಗೂ ಬರುತ್ತದೆ. ಆ ಕೆಲಸಕ್ಕೆ ಭೂಮಿಯೇ ಸಹಾಯ ಮಾಡುತ್ತದೆ. ಏಳುವಾಗ ಮಾತ್ರ ಕೈ ಕೊಡುತ್ತದೆ. ಆಂಧ್ರದ ಗಡಿಯೊಳಗಿನ ನಮ್ಮ ಆದೋನಿಯ ಹತ್ತಿ ಮಿಲ್ಲೊಂದರಲ್ಲಿ ಗುಮಾಸ್ತನಾಗಿ ಸರ್ವೀಸು ಪೂರ್ತಿ ಕುರ್ಚಿಯಲ್ಲೇ ಕಳೆದವನು ನಾನು. ಮೊಣಕಾಲು ಎಂಬುದು ಪ್ಯಾಂಟು ಮಡಚಿಕೊಳ್ಳಲಿಕ್ಕೆ ದೇವರು ಇಟ್ಟ ಒಂದು ಅನುಕೂಲ ಅಂತಷ್ಟೇ ತಿಳಿದಿದ್ದೆ. ನಿವೃತ್ತನಾಗಿ ಹಿತ್ತಲಲ್ಲಿ ಕೈಯಾಡಿಸತೊಡಗಿದ ಮೇಲೆ ಎರಡೂ ಮೊಣಕಾಲುಗಳು ಒಂದಾದ ಮೇಲೊಂದು ತಮ್ಮ ಪರಿಚಯ ಮಾಡಿಕೊಂಡವು. ಡಾಕ್ಟರು ಎಕ್ಸ್‌ರೇ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು ನೋಡಿ, ಕುಕ್ಕರಗಾಲಲ್ಲಿ ಕೂರಬಾರದು, ಬಗ್ಗಬಾರದು, ಭಾರ ಎತ್ತಬಾರದು ಎಂದರು. ತೋಟದ ಕೆಲಸದಿಂದ ಈ ಮೂರನ್ನು ಕಳೆದರೆ ಉಳಿಯುವುದು ಪಕ್ಕದ ಮನೆಯವರಿಗೆ ಪುಕ್ಕಟೆ ಸಲಹೆ ಕೊಡುವುದೊಂದೇ.

ನಮ್ಮ ಹಿತ್ತಲು ದೊಡ್ಡದೇನಲ್ಲ. ಹೊಳಗುಂದದ ಹೊಲ ಅಣ್ಣಂದಿರ ಪಾಲಿಗೆ ಹೋಯಿತು, ನನ್ನ ಪಾಲಿಗೆ ಉಳಿದ ಮಣ್ಣೆಂದರೆ ಇದೇ. ನಾಲ್ಕು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ಅದರಲ್ಲೇ ಪುಂಡಿಪಲ್ಯ, ಮೆಂತ್ಯ, ಒಂದಿಷ್ಟು ಬದನೆ, ಮೂಲೆಯಲ್ಲೊಂದು ಕರಿಬೇವು. ಇಷ್ಟಕ್ಕೆ ಇಷ್ಟೊಂದು ಹಟವೇ ಎಂದು ನೀವು ಕೇಳಬಹುದು. ಬೆಳಿಗ್ಗೆ ಎದ್ದು ನೋಡಿದಾಗ ನಿನ್ನೆ ಇರದಿದ್ದ ಮೆಂತ್ಯದ ಮೊಳಕೆ ಮಣ್ಣು ಸರಿಸಿಕೊಂಡು ಮೇಲೆ ಬಂದಿದ್ದರೆ, ಈ ಮನೆಯಲ್ಲಿ ನನಗಿನ್ನೂ ಕೆಲಸ ಇದೆ ಅನಿಸುತ್ತದೆ. ಅದೂ ಇಲ್ಲದೆ ಹೋದರೆ ಮುಂಬಾಗಿಲ ಕಟ್ಟೆಯ ಮೇಲೆ ಕೂತು ಹೋಗುವವರನ್ನು "ಎಲ್ಲಿಗೆ?" ಎಂದೂ ಬರುವವರನ್ನು "ಎಲ್ಲಿಂದ?" ಎಂದೂ ಕೇಳುವ ಮುದುಕರ ಜೊತೆ ಸೇರಿಕೊಳ್ಳಬೇಕು. ಆ ಕಟ್ಟೆಯನ್ನು ಕಂಡರೆ ನನಗೆ ನಿಜವಾಗಿಯೂ ಭಯ.

ಹಾಗಾಗಿ ಡಾಕ್ಟರ ಮಾತನ್ನು ಗೌರವದಿಂದ ಕೇಳಿಸಿಕೊಂಡು ಬಂದವನು ಮರುದಿನವೇ ಕುಕ್ಕರಗಾಲಲ್ಲಿ ಕೂತು ಕಳೆ ಕೀಳತೊಡಗಿದೆ. ಕಳೆ ಮುಗಿಯಿತು, ನಾನು ಏಳಲಿಲ್ಲ. ಆಸರೆಗೆಂದು ಬದನೆಗಿಡವನ್ನು ಹಿಡಿದು ಜಗ್ಗಿದೆ. ಬೇರು ಸಮೇತ ಅದು ಎದ್ದು ಬಂತು, ನಾನು ಅಂಗಾತ ಬಿದ್ದೆ. ನನ್ನ ಹೆಂಡತಿ ಈರಮ್ಮನ ಕೂಗಿಗೆ ಹಿಂದಿನ ಮನೆಯ ಮಲ್ಲಯ್ಯ ಓಡಿ ಬಂದ. ಕುರಿ ಸಾಕುವ ಆಸಾಮಿ. ಕುರಿಯನ್ನು ಎತ್ತುವ ಹಾಗೆಯೇ ಕಂಕುಳಿಗೆ ಕೈಹಾಕಿ ನನ್ನನ್ನು ಎತ್ತಿ ನಿಲ್ಲಿಸಿ, "ಏನ್ ಸಾಮಿ, ಬದ್ನಿಗಿಡ ಎದ್ದೈತಿ, ನೀವು ಎದ್ದಿಲ್ಲಲ್ಲ!" ಎಂದ. ಈರಮ್ಮ ನಗಲಿಲ್ಲ. "ಕೇಳ್ರಿ ಇಲ್ಲಿ. ಇನ್ನೊಂದ್ ಸಲ ಬಿದ್ರ ಹಿತ್ತಲ ತುಂಬ ಬಂಡೆ ಹಾಸಿಸಿಬಿಡ್ತೀನಿ. ಒಂದ್ ಹುಲ್ಲಕಡ್ಡಿ ಸೈತ ಏಳಬಾರ್ದು, ಹಂಗ!" ಎಂದಳು. ನಮ್ಮ ಜಿಲ್ಲೆಯಲ್ಲಿ ಇದು ಬರೀ ಬಾಯಿಮಾತಿನ ಬೆದರಿಕೆಯಲ್ಲ. ನೆಲಕ್ಕೆ ಹಾಸುವ ಕಲ್ಲುಬಂಡೆಗೆ ಇಲ್ಲಿ ಬರವೇ ಇಲ್ಲ. ಒಂದು ಫೋನು ಮಾಡಿದರೆ ಟ್ರಾಕ್ಟರು ಬಾಗಿಲಿಗೆ ಬಂದು ನಿಲ್ಲುತ್ತದೆ.

ಅಂದಿನಿಂದ ರಾಜಿಯಾಯಿತು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳುವುದು, ಸೊಸೆ ಸುಜಾತ ಮಾಡುವುದು. ಹೇಳಿ ಮಾಡಿಸುವುದರಲ್ಲಿ ನನಗೆ ಮಿಲ್ಲಿನ ಅನುಭವವಿತ್ತು. ಸುಜಾತ ಪತ್ತಿಕೊಂಡದ ಆಚೆಯ ಹಳ್ಳಿಯವಳು, ತೌರುಮನೆಯ ಮಾತೆಲ್ಲ ತೆಲುಗು. ನಮ್ಮ ಮನೆಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ನಮಗೆಲ್ಲ ತೆಲುಗು ನೀರು ಕುಡಿದ ಹಾಗೆ ಬರುವುದರಿಂದ ಅವಳಿಗೆ ಕನ್ನಡ ಕಲಿಯುವ ತುರ್ತೂ ಇರಲಿಲ್ಲ. ಆದರೆ ಮನುಷ್ಯನಿಗೆ ಗಾಬರಿಯಾದಾಗ ಬಾಯಿಗೆ ಬರುವುದು ತಾಯಿ ಕಲಿಸಿದ ಮಾತೇ ನೋಡಿ.

ಅವತ್ತು ಅವಳು ಬಕೆಟ್ಟಿನಿಂದ ಮೆಂತ್ಯದ ಮಡಿಗೆ ನೀರು ಹಾಕುತ್ತಿದ್ದಳು. ಎಳೆಯ ಮೊಳಕೆಗಳು ನೀರಿನ ಹೊಡೆತಕ್ಕೆ ತೇಲತೊಡಗಿದವು. ನಾನು "ತಡಿ, ತಡಿ!" ಎಂದು ಕೂಗಿದೆ. ಅವಳು ಇನ್ನೊಂದಿಷ್ಟು ಸುರಿದಳು. "ತಡಿ ಅಂದ್ನಲ್ಲವ್ವಾ!" ಎಂದು ದನಿ ಎತ್ತರಿಸಿದೆ. "ಇಂಕಾ, ಇನ್ನೂ ತಡಿನಾ ಮಾಮಾ?" ಎನ್ನುತ್ತ ಅವಳು ಓಡಿಹೋಗಿ ಇನ್ನೊಂದು ಬಕೆಟ್ಟು ತಂದಳು. ನಾನು ಕೂಗಿದಷ್ಟೂ ನೀರು ಬಂತು. ಮಡಿಯ ಅಂಚಿನಲ್ಲಿದ್ದ ನನ್ನ ಕುರ್ಚಿಯ ಹಿಂದಿನ ಕಾಲುಗಳು ಕೆಸರಿನಲ್ಲಿ ಇಳಿಯತೊಡಗಿದವು. ಎದುರಿಗಿದ್ದ ಸುಜಾತಳ ಮುಖ ಮೆಲ್ಲಗೆ ಕೆಳಗೆ ಸರಿಯಿತು, ಆಮೇಲೆ ಗೋಡೆ ಕಂಡಿತು, ಆಮೇಲೆ ಆಕಾಶ. ಕೊನೆಯ ತನಕ ನಾನು "ತಡಿ" ಎನ್ನುತ್ತಲೇ ಇದ್ದೆನಂತೆ.

ಪೆಟ್ಟೇನೂ ಆಗಲಿಲ್ಲ. ಕೆಸರು ಅಷ್ಟು ಮೆತ್ತಗಿತ್ತು. ಆದರೆ ಕೊಟ್ಟ ಮಾತಿಗೆ ತಪ್ಪುವವಳಲ್ಲ ನನ್ನ ಹೆಂಡತಿ. ಎರಡು ದಿನದಲ್ಲಿ ಬಂಡೆ ಹೇರಿಕೊಂಡ ಟ್ರಾಕ್ಟರು ಬಂತು, ಹಿಂದೆಯೇ ಗಾರೆ ಕೆಲಸದವನೂ ಬಂದ. ನಾನು ಮುಂಬಾಗಿಲ ಕಟ್ಟೆಗೆ ಹೋಗಿ ಕೂತೆ. ಯಾರನ್ನೂ ಎಲ್ಲಿಗೆ ಎಂದು ಕೇಳುವಷ್ಟು ಉಮೇದೂ ಇರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣು ತುಂಬಿ ಬಂದಿತ್ತು.

ಆಗ ಒಳಗೆ ಸುಜಾತ ಅತ್ತೆಯ ಕೈ ಹಿಡಿದುಕೊಂಡಿದ್ದಳಂತೆ. "ತಪ್ಪು ನಂದೇ ಅತ್ತಾ. ಮಾಮ ತಡಿ ತಡಿ ಅಂದ್ರು, ನಾ ನೀಳ್ಳು ಪೋಸಿದೆ, ನೀರು ಹಾಕ್ದೆ" ಎಂದಳು. ಅವಳ ತೆಲುಗಿನಲ್ಲಿ ತಡಿ ಎಂದರೆ ತೇವ. ರೈತರ ಮನೆಯವರ ಬಾಯಲ್ಲಿ ಒಂದು ತಡಿ ಎಂದರೆ ಬೆಳೆಗೆ ಒಂದು ಸಲ ನೀರು ಕೊಡುವುದು. ನಾನು ನಿಲ್ಲಿಸು ಎಂದು ಒದರಿದ್ದೆಲ್ಲ ಅವಳಿಗೆ ಇನ್ನೊಂದು ಸಲ ನೀರು ಕೊಡು ಎಂದು ಕೇಳಿಸಿತ್ತು. ಈರಮ್ಮನಿಗೆ ಇದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ತಡ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಗುತ್ತ ಬಾಗಿಲಿಗೆ ಆತುಕೊಂಡಳು. ನಕ್ಕು ಹಗುರಾದ ಮೇಲೆ ಕಟ್ಟೆಯ ಹತ್ತಿರ ಬಂದಳು.

"ಏಳ್ರಿ. ನಾ ಮೊದಲ ನೆಲದಾಗ ಕುಂತು ಅಡಿಗಿ ಮಾಡ್ತಿದ್ದಿಲ್ಲೇನು? ಸೊಂಟ ಹಿಡದ ಮ್ಯಾಲೆ ಒಲಿ ಕಟ್ಟಿ ಮ್ಯಾಲೆ ಬಂತು. ಅಡಿಗಿ ಕೆಟ್ಟೈತೇನು?"

"ಇಲ್ಲ" ಎಂದೆ. ಇಂಥ ಪ್ರಶ್ನೆಗೆ ಯಾವ ಗಂಡನೂ ಬೇರೆ ಉತ್ತರ ಕೊಡಲಾರ.

"ಮತ್ತ ಹಿತ್ತಲಾನೂ ಮ್ಯಾಲೆ ಬರ್ಲಿ ಬಿಡ್ರಿ. ನೀವು ಕೆಳಗ ಹೋಗದ್ ಬ್ಯಾಡ."

ನನ್ನನ್ನು ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ಮೊಣಕೈ ಎಷ್ಟು ಎತ್ತರಕ್ಕೆ ಬರುತ್ತದೆಂದು ಗಾರೆಯವನಿಗೆ ತನ್ನ ಕೈಯಿಂದಲೇ ಅಳೆದು ತೋರಿಸಿದಳು. ಅರ್ಧ ಬಂಡೆಗಳು ನೆಲಕ್ಕೆ ಬಿದ್ದವು. ಕಾಲು ಜಾರದ ಹಾಗೆ ಒರಟು ಮುಖವನ್ನೇ ಮೇಲೆ ಮಾಡಿಸಿದಳು. ಉಳಿದವು ಇಟ್ಟಿಗೆಯ ಕಂಬಗಳ ಮೇಲೇರಿ ಅಡುಗೆಕಟ್ಟೆಯಂತೆ ನಿಂತವು. ಸುತ್ತ ಅಂಚು ಕಟ್ಟಿ, ನೀರು ಬಸಿಯಲು ಸಂದಿ ಬಿಟ್ಟು, ಮಣ್ಣು ಗೊಬ್ಬರ ತುಂಬಿದರು. ಕುರ್ಚಿ ಎಳೆದುಕೊಂಡು ಕೂತರೆ ನನ್ನ ಮೊಣಕಾಲು ಕಟ್ಟೆಯ ಕೆಳಗೆ, ಕೈ ಮಣ್ಣಿನಲ್ಲಿ. ಥೇಟು ನನ್ನ ಮಿಲ್ಲಿನ ಮೇಜು! ಫೈಲುಗಳ ಜಾಗದಲ್ಲಿ ಮೆಂತ್ಯ ಬಂದಿದೆ, ಅಷ್ಟೇ. ಸುಜಾತ ಕಳೆ ತೆಗೆಯುವ ಕುರ್ಪಿಯ ಹಿಡಿಗೆ ಹಳೆಯ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟಳು, ಬೆರಳು ನೋಯುವುದು ನಿಂತಿತು. ಬಕೆಟ್ಟಿನ ಬದಲು ತಂಬಿಗೆ ಬಂತು. ಬಿಸಿಲೇರುವ ಮೊದಲೇ ಕೆಲಸ ಮುಗಿಸಬೇಕು, ಚಪ್ಪಲಿ ಮೆಟ್ಟಿರಬೇಕು, ಕೋಲು ಕೈಗೆಟಕುವಂತಿರಬೇಕು ಎಂದು ಈರಮ್ಮ ಕಾನೂನು ಮಾಡಿದಳು. ಮಿಲ್ಲಿನ ಮಾಲೀಕರೂ ಇಷ್ಟು ಶಿಸ್ತು ಕೇಳಿರಲಿಲ್ಲ.

ತಡಿ ಎಂಬ ಶಬ್ದವನ್ನು ಮನೆಯಲ್ಲಿ ರದ್ದು ಮಾಡಿದೆವು. ಅದರ ಬದಲು ತೆಲುಗಿನ ಚಾಲು ಇರಲಿ ಎಂದಳು ಸುಜಾತ. ಅವಳಿಗೆ ಅದು ಸಾಕು ಎಂದರ್ಥ. ಆದರೆ ಮೋಟರು ಚಾಲೂ ಮಾಡಿ ಮಾಡಿ ಬೆಳೆದ ನನ್ನ ಮಗನಿಗೆ ಅದು ಶುರು ಮಾಡು ಎಂದಂತೆ. ಹೋಗಲಿ, ಕನ್ನಡದ ಸಾಕು ಎಂಬುದೇ ಇರಲಿ ಎಂದರೆ ಅದಕ್ಕೆ ನಮ್ಮಲ್ಲೇ ಎರಡರ್ಥ. ಮುಗಿಸು ಎಂದೂ ಆಗುತ್ತದೆ, ಬೆಳೆಸು ಎಂದೂ ಆಗುತ್ತದೆ. ಕಡೆಗೆ ನಾನು ಕೈ ಎತ್ತಿದರೆ ನೀರು ನಿಲ್ಲಿಸುವುದು ಎಂದು ತೀರ್ಮಾನವಾಯಿತು. ಎರಡು ಭಾಷೆ ಬರುವ ಮನೆಯಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ಮೂಕರ ಭಾಷೆ.

ಮೆಂತ್ಯ ಸೊಂಪಾಗಿ ಬಂತು. ಆದರೆ ಬಗ್ಗಲು ಕಷ್ಟಪಡುವವರ ಅನುಕೂಲಕ್ಕೆಂದು ಮಾಡಿದ್ದು ಬಗ್ಗಲು ಸೋಮಾರಿಯಾದವರಿಗೂ ಅನುಕೂಲವೇ ಎಂಬುದು ನಮಗೆ ಹೊಳೆದಿರಲಿಲ್ಲ. ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತವನು ತಲೆಯೆತ್ತಿ ನೋಡುತ್ತೇನೆ, ಹಿತ್ತಲಿನ ಆ ಕೊನೆಯಲ್ಲಿ ಮಲ್ಲಯ್ಯನ ಆಡು ಗೋಡೆ ಹಾರಿ ಬಂದು, ಕುತ್ತಿಗೆಯನ್ನೂ ಬಗ್ಗಿಸದೆ, ನಿಂತಲ್ಲೇ ನಿಂತು ಮೆಂತ್ಯ ಮೇಯುತ್ತಿದೆ. ನನಗೆ ಮೈಯೆಲ್ಲ ಉರಿದುಹೋಯಿತು. "ಹಚಾ!" ಎಂದವನು ಹೇಗೆ ಎದ್ದೆನೋ, ಹೇಗೆ ಹಿತ್ತಲು ದಾಟಿದೆನೋ ತಿಳಿಯದು. ಆಡಿನ ಕಿವಿ ನನ್ನ ಕೈಯಲ್ಲಿತ್ತು. ಕೋಲು ಕುರ್ಚಿಯ ಪಕ್ಕದಲ್ಲೇ ಇತ್ತು.

ಬಾಗಿಲಲ್ಲಿ ಈರಮ್ಮ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. "ಬೀಳಲಿಲ್ಲಲ್ರಿ ನೀವು!" ಎಂದಳು. ಓಡಿ ಬಂದು ನನ್ನ ತೋಳು ಹಿಡಿದುಕೊಂಡಳು. ಇಷ್ಟು ದಿನ ಅವಳು ಹೆದರಿಕೊಂಡಿದ್ದಳು, ಅದನ್ನು ನಾನು ಕೋಪ ಎಂದುಕೊಂಡಿದ್ದೆ.

ಅಷ್ಟರಲ್ಲಿ ಮಲ್ಲಯ್ಯ ಓಡಿ ಬಂದು ಕೈ ಮುಗಿದ. "ತಪ್ಪಾತಮ್ಮಾ. ನಾಳಿಂದ ಇದನ್ನ ಕಟ್ಟಿ ಹಾಕ್ತೀನಿ."

"ಕಟ್ಟಬ್ಯಾಡ ಮಲ್ಲಯ್ಯಾ, ಬಿಡು" ಎಂದಳು ಈರಮ್ಮ ಕಣ್ಣೊರೆಸಿಕೊಳ್ಳುತ್ತ. "ಡಾಕ್ಟರು ಇವರಿಗೆ ದಿನಾ ಒಂದೀಟು ಅಡ್ಡಾಡ್ರಿ ಅಂತ ಹೇಳ್ಯಾರ. ನನ್ನ ಮಾತು ಕೇಳವಲ್ರು. ನಿನ್ನ ಆಡಿನ ಮಾತಾದ್ರೂ ಕೇಳ್ಲಿ."

ಡಾಕ್ಟರು ಹಾಗೆ ಹೇಳಿದ್ದು ನಿಜ. ನಿಮಗೆ ಹೇಳಲು ಮರೆತಿದ್ದೆ.